ವರ್ಕ್‌ಶಾಪಿನಲ್ಲಿ ಬೆರಳು ಜಜ್ಜಿದರೆ ರಿಪೋರ್ಟ್ ಯಾರು ಕೊಡಬೇಕು?

ಪ್ರಶ್ನೆ (ಕುಂಬಳೆಯಿಂದ): ಅಣ್ಣಾ, ನಾನು ಕಾಸರಗೋಡಿನ ಒಂದು ಕಾರ್ ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್. ಸಂಬಳ 17,000. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗ್ತದೆ. ಸೋಮವಾರ ಗೇರ್‌ಬಾಕ್ಸ್ ಇಳಿಸುವಾಗ ಎಡಗೈಯ ಎರಡು ಬೆರಳು ಜಜ್ಜಿತು. ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಸೂಪರ್‌ವೈಸರ್, "ಮನೆಯಲ್ಲಿ ಕಲ್ಲು ಬಿತ್ತು ಅಂತ ಹೇಳು, ಬಿಲ್ಲು ನಾವು ಕೊಡ್ತೇವೆ" ಎಂದರು. ಹಾಗೇ ಹೇಳಿದೆ. ಮೂರು ವಾರ ರೆಸ್ಟ್ ಅಂತೆ. ರಜೆಗೆ ಸಂಬಳ ಇಲ್ಲವಂತೆ. ಏನು ಮಾಡಲಿ?

ಉತ್ತರ: ತಮ್ಮಾ, ಇವತ್ತೇ ಆ ಡಾಕ್ಟರ ಹತ್ತಿರ ಹೋಗಿ. ಗಾಯ ಆದದ್ದು ಕೆಲಸದಲ್ಲಿ, ಹೆದರಿ ಸುಳ್ಳು ಹೇಳಿದೆ ಎಂದು ಹೇಳಿ, ಅದನ್ನು ಬರೆಸಿಕೊಳ್ಳಿ. ಮೊದಲ ಚೀಟಿಯಲ್ಲಿರುವ ಮಾತೇ ಕೊನೆವರೆಗೂ ಹಿಂಬಾಲಿಸುತ್ತದೆ. ನಾನು ತುಂಬಾ ಕೇಸು ಸೋತದ್ದನ್ನು ಕಂಡದ್ದು ಇಲ್ಲೇ.

ಆಮೇಲೆ ಮ್ಯಾನೇಜರಿಗೆ ತಿಳಿಸಿ. ಬಾಯಲ್ಲಿ ಹೇಳಿದರೂ ನಡೆಯುತ್ತದೆ, ಬರೆದು ಕೊಟ್ಟರೆ ಗಟ್ಟಿ. ಕನ್ನಡದಲ್ಲೇ ಬರೆಯಿರಿ. ಯಾವ ದಿನ, ಎಷ್ಟು ಗಂಟೆ, ಯಾವ ಕೆಲಸ, ಯಾರು ನೋಡಿದರು, ಇಷ್ಟು ಸಾಕು. ಅದನ್ನು ಅಪಘಾತದ ಪುಸ್ತಕದಲ್ಲಿ, ಅಂದರೆ ಫಾರ್ಮ್ 11ರಲ್ಲಿ ಸೇರಿಸಬೇಕು. ಫಾರ್ಮ್ 12ರಲ್ಲಿ ಇಎಸ್‌ಐಗೆ ರಿಪೋರ್ಟ್ ಕಳಿಸುವುದು ಕಂಪನಿಯ ಕೆಲಸ, ನಿಮ್ಮದಲ್ಲ. ನಾನು ಎಲ್ಲ ಡೀಲರುಗಳಿಗೂ 24 ಗಂಟೆಯೊಳಗೆ ಕಳಿಸಿ ಅಂತಲೇ ಹೇಳುವುದು. ನಿಮ್ಮದು ಈಗಾಗಲೇ ತಡವಾಗಿದೆ, ಇನ್ನು ಒಂದು ದಿನವೂ ಬಿಡಬೇಡಿ.

ನಿಮ್ಮ ಸಂಬಳ ಇಎಸ್‌ಐ ಮಿತಿಯಾದ 21,000ದ ಒಳಗಿದೆ. ರಿಪೋರ್ಟ್ ಸರಿಯಾಗಿ ಹೋದರೆ ರೆಸ್ಟಿನ ದಿನಗಳಿಗೆ ದಿನಗೂಲಿಯ ಶೇಕಡಾ 90 ಇಎಸ್‌ಐಯಿಂದ ಬರುತ್ತದೆ, ಡೀಲರನ ಜೇಬಿನಿಂದಲ್ಲ. ನಾಳೆ ಬೆರಳು ಮಡಚಲು ಆಗದಿದ್ದರೆ ಮೆಡಿಕಲ್ ಬೋರ್ಡ್ ನೋಡಿ ಕಾಯಂ ಪರಿಹಾರವನ್ನೂ ತೀರ್ಮಾನಿಸುತ್ತದೆ. "ಬಿಲ್ಲು ಕೊಡ್ತೇವೆ" ಎಂಬ ಮಾತಿಗೆ ಬಿಟ್ಟುಕೊಡುವುದು ಇದನ್ನೇ.

ಪ್ರಶ್ನೆ (ಉಪ್ಪಳದಿಂದ): ಸಾರ್, ನಮ್ಮದು ಶೋರೂಮ್. ಫ್ಯಾಕ್ಟರಿ ಅಲ್ವಲ್ಲ, ನಮಗೆ ಯಾಕೆ ಈ ಅಪಘಾತದ ಪುಸ್ತಕ?

ಉತ್ತರ: ಮುಂದೆ ಗಾಜು, ಎಸಿ ಇರಬಹುದು. ಹಿಂದೆ ಲಿಫ್ಟ್, ಬ್ಯಾಟರಿ ಆಸಿಡ್, ವೆಲ್ಡಿಂಗ್ ಇದೆ ಅಲ್ವಾ? ಹತ್ತು ಜನ ಕೆಲಸಗಾರರಿದ್ದರೆ ಇಎಸ್‌ಐ ಬರುತ್ತದೆ, ಅದರ ಜೊತೆ ಈ ಪುಸ್ತಕವೂ. ಅಮೆರಿಕದಲ್ಲೂ ಕಾರು ಡೀಲರುಗಳಿಗೆ ಮೊದಲು ಗಾಯದ ದಾಖಲೆಯಿಂದ ವಿನಾಯಿತಿ ಇತ್ತು, 2015ರ ಜನವರಿಯಿಂದ ತೆಗೆದರು.

ಪ್ರಶ್ನೆ (ಬದಿಯಡ್ಕದಿಂದ): ನಾನು ಟಿಂಕರಿಂಗ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಕಿವಿ ಮಂದವಾಗಿದೆ. ಅದು ಅಪಘಾತವಾ?

ಉತ್ತರ: ಅಲ್ಲ, ಕೆಲಸದಿಂದ ಬಂದ ಕಾಯಿಲೆ. ಸದ್ದಿನಿಂದ ಕಿವಿ ಹೋಗುವುದೂ ಬ್ಯಾಟರಿ ಸೀಸದ ವಿಷವೂ ಇಎಸ್‌ಐ ಪಟ್ಟಿಯಲ್ಲಿವೆ. ಕಿವಿಯ ವಿಷಯಕ್ಕೆ ಸದ್ದಿನ ಕೆಲಸದಲ್ಲಿ ಕನಿಷ್ಠ ಆರು ತಿಂಗಳು ಸತತವಾಗಿ ಇದ್ದಿರಬೇಕು, ನೀವು ಇದ್ದೀರಿ. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಕಿವಿ ಪರೀಕ್ಷೆಗೆ ಬರೆಸಿಕೊಳ್ಳಿ. ದಿನಾ ಎಷ್ಟು ಹೊತ್ತು ಸುತ್ತಿಗೆ ಹೊಡೆಯುತ್ತೀರಿ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಕುಂಬಳೆಯ ತಮ್ಮಾ, ಆಸ್ಪತ್ರೆ ಚೀಟಿ ತಿದ್ದಿಸಿದ ಮೇಲೆ ಫೋಟೋ ಕಳಿಸಿ, ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ.