ಮೇಲ್‌ನಲ್ಲಿರುವ ಲಿಂಕ್ ಒತ್ತಿದರೆ ಬ್ರೌಸರ್ ತೆರೆಯುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿರುವ ಅಪ್ಪನ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದೇನೆ. ಮೇಲ್‌ಗೆ ಥಂಡರ್‌ಬರ್ಡ್, ಉಳಿದದ್ದಕ್ಕೆಲ್ಲ ಫೈರ್‌ಫಾಕ್ಸ್. ಮೊದಲು ಇನ್ನೊಂದು ಬ್ರೌಸರ್ ಕೂಡ ಇತ್ತು, ಡಿಸ್ಕ್‌ನಲ್ಲಿ ಜಾಗ ಸಾಲದೆ ಅದನ್ನು ತೆಗೆದುಹಾಕಿದೆವು. ಆಮೇಲಿನಿಂದ ಮೇಲ್ ಒಳಗಿನ ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಸುಮ್ಮನೆ ಕೂತಿರುತ್ತದೆ.

ಅಪ್ಪ ನಿವೃತ್ತ ಮೇಷ್ಟ್ರು. ಹೂಡಿಕೆ, ವಿಮೆ ಕಡೆಯಿಂದ ಬರುವ "ಇಲ್ಲಿ ಒತ್ತಿ ದೃಢೀಕರಿಸಿ" ಲಿಂಕ್‌ಗಳಿಗೆ ಸಮಯದ ಮಿತಿ ಇರುತ್ತದೆ. ಸದ್ಯಕ್ಕೆ ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಾಪಿ ಮಾಡಿ, ಫೈರ್‌ಫಾಕ್ಸ್‌ನಲ್ಲಿ ಪೇಸ್ಟ್ ಮಾಡಿ ಎಂದು ಹೇಳಿಕೊಟ್ಟಿದ್ದೇನೆ. ಕೈ ನಡುಗುವುದರಿಂದ ಅದು ಅವರಿಗೆ ತುಂಬಾ ಕಷ್ಟ. ನಾನಿರುವುದು ಬೇರೆ ಊರಲ್ಲಿ. ಫೋನಿನಲ್ಲೇ ಹೇಳಿ ಮಾಡಿಸುವಂಥ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಸರ್, ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಅದರ ಮೇಲೆ ಮುಂದಿನದೆಲ್ಲ ನಿಂತಿದೆ.

ಲಿಂಕ್ ಒತ್ತಿದಾಗ ಥಂಡರ್‌ಬರ್ಡ್ ತಾನೇ ವೆಬ್ ಪುಟ ತೆರೆಯುವುದಿಲ್ಲ. ವಿಳಾಸವನ್ನು ಆಪರೇಟಿಂಗ್ ಸಿಸ್ಟಮ್ ಕೈಗೆ ಒಪ್ಪಿಸುತ್ತದೆ, ಯಾವ ಬ್ರೌಸರ್ ಎಂದು ತೀರ್ಮಾನಿಸುವುದು ಸಿಸ್ಟಮ್. ಆದರೆ ಹಿಂದೆ ಯಾವಾಗಲಾದರೂ "ಇಂಥ ಲಿಂಕ್‌ಗೆ ಇದೇ ಪ್ರೋಗ್ರಾಮ್" ಎಂದು ಆರಿಸಿಕೊಟ್ಟಿದ್ದರೆ ಥಂಡರ್‌ಬರ್ಡ್ ಅದನ್ನು ತನ್ನದೇ ಫೈಲ್ ಒಂದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಸಿಸ್ಟಮ್‌ನ ಆಯ್ಕೆಯನ್ನು ನೋಡುವುದಿಲ್ಲ. ಅಂದರೆ ತೊಂದರೆ ಎರಡು ಜಾಗದಲ್ಲಿ ಯಾವುದರಲ್ಲಾದರೂ ಇರಬಹುದು, ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ಗೊತ್ತುಮಾಡಿಕೊಳ್ಳದೆ ಜನ ಫೈರ್‌ಫಾಕ್ಸ್ ತೆಗೆದು ಮತ್ತೆ ಹಾಕುತ್ತಾರೆ, ಥಂಡರ್‌ಬರ್ಡ್ ತೆಗೆದು ಮತ್ತೆ ಹಾಕುತ್ತಾರೆ. ಪ್ರೋಗ್ರಾಮ್ ತೆಗೆದರೂ ನಮ್ಮ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರ್ ಹಾಗೇ ಉಳಿಯುವುದರಿಂದ ಹಳೇ ಆಯ್ಕೆಯೂ ಹಾಗೇ ಉಳಿದಿರುತ್ತದೆ.

ಪರೀಕ್ಷೆ ಹೀಗೆ. ಮಿಂಟ್ ಜೊತೆಗೇ ಲಿಬ್ರೆಆಫೀಸ್ ಬರುತ್ತದೆ. ಅದರಲ್ಲಿ ಪತ್ರ ಬರೆಯುವ ಪ್ರೋಗ್ರಾಮ್ ಆದ ರೈಟರ್ ತೆರೆದು ಯಾವುದಾದರೂ ವೆಬ್ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಲಿಂಕ್ ಆಗುತ್ತದೆ. ಕಂಟ್ರೋಲ್ ಕೀ ಹಿಡಿದು ಅದರ ಮೇಲೆ ಕ್ಲಿಕ್ ಮಾಡಲಿ.

ಅಲ್ಲೂ ತೆರೆಯದಿದ್ದರೆ ತೊಂದರೆ ಸಿಸ್ಟಮ್‌ನದು. ಮಿಂಟ್ ಮೆನುವಿನಲ್ಲಿ "ಪ್ರಿಫರ್ಡ್ ಅಪ್ಲಿಕೇಶನ್ಸ್" ಎಂದು ಹುಡುಕಿ, ವೆಬ್ ಎಂಬಲ್ಲಿ ಫೈರ್‌ಫಾಕ್ಸ್ ಆರಿಸಿದರೆ ಆಯಿತು. ಇನ್ನೊಂದು ಬಗೆಯ ಲಿನಕ್ಸ್ ಆದ ಉಬುಂಟು 24.04ರಲ್ಲಿ ಇದೇ ಆಯ್ಕೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದೊಳಗೆ "ಡೀಫಾಲ್ಟ್ ಆ್ಯಪ್ಸ್" ಹೆಸರಿನಲ್ಲಿದೆ.

ರೈಟರ್‌ನಲ್ಲಿ ಸರಿಯಾಗಿ ತೆರೆದು ಮೇಲ್‌ನಲ್ಲಿ ಮಾತ್ರ ತೆರೆಯದಿದ್ದರೆ ಥಂಡರ್‌ಬರ್ಡ್‌ನ ಒಳಗೆ ನೋಡಬೇಕು. ನೀವು ಒಂದು ಬ್ರೌಸರ್ ತೆಗೆದ ಮೇಲೆ ಶುರುವಾಯಿತು ಎನ್ನುವುದನ್ನು ನೋಡಿದರೆ ನನಗೆ ಇದರ ಮೇಲೇ ಅನುಮಾನ. ಇಲ್ಲದ ಪ್ರೋಗ್ರಾಮ್‌ಗೆ ಅದು ಲಿಂಕ್ ಕಳಿಸುತ್ತಿರಬೇಕು, ಖಾಲಿ ಮಾಡಿದ ಮನೆಯ ವಿಳಾಸಕ್ಕೆ ಕಾಗದ ಹಾಕಿದ ಹಾಗೆ. ಮೂರು ಗೆರೆಯ ಮೆನು, ಸೆಟ್ಟಿಂಗ್ಸ್, ಜನರಲ್. ಅಲ್ಲಿಂದ ಕೆಳಗೆ ಹೋಗುತ್ತಾ "ಫೈಲ್ಸ್ ಆ್ಯಂಡ್ ಅಟ್ಯಾಚ್‌ಮೆಂಟ್ಸ್" ಎಂಬ ಭಾಗ ಸಿಗುತ್ತದೆ. ಎರಡು ಕಾಲಂನ ಪಟ್ಟಿ: ಎಡಕ್ಕೆ ಯಾವ ಬಗೆಯದು, ಬಲಕ್ಕೆ ಅದಕ್ಕೆ ಏನು ಮಾಡಬೇಕು. ಜನ ಇದು ಪಿಡಿಎಫ್, ಫೋಟೊಗಳಿಗೆ ಮಾತ್ರ ಎಂದುಕೊಂಡು ಬಿಟ್ಟುಬಿಡುತ್ತಾರೆ. ವೆಬ್ ವಿಳಾಸದ ಶುರುವಿನಲ್ಲಿ ಬರುವ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಕೂಡ ಇದೇ ಪಟ್ಟಿಯಲ್ಲಿ ಕೂತಿರುತ್ತವೆ. ಬಲಗಡೆ ಹಳೇ ಬ್ರೌಸರ್ ಹೆಸರಿದ್ದರೆ ಅದರ ಮೇಲೆ ಕ್ಲಿಕ್ ಮಾಡಿ ಫೈರ್‌ಫಾಕ್ಸ್ ಆರಿಸಲಿ. ಹೆಸರು ಕಾಣದಿದ್ದರೆ "ಯೂಸ್ ಅದರ್" ಕೊಟ್ಟು ಯುಎಸ್‌ಆರ್ ಫೋಲ್ಡರ್‌ನ ಬಿನ್ ಒಳಗಿರುವ ಫೈರ್‌ಫಾಕ್ಸ್ ತೋರಿಸಬಹುದು.

ಪಟ್ಟಿಯಲ್ಲಿ ಎರಡೂ ಇಲ್ಲದಿದ್ದರೆ ಅದೇ ಜನರಲ್ ಪುಟದ ತೀರಾ ಕೆಳಗೆ "ಕನ್ಫಿಗ್ ಎಡಿಟರ್" ಬಟನ್ ಇದೆ. ಅಲ್ಲಿನ ಹುಡುಕಾಟದಲ್ಲಿ "ವಾರ್ನ್-ಎಕ್ಸ್‌ಟರ್ನಲ್" ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಕೆಲವು ಸಾಲು ಬರುತ್ತವೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಕೊನೆಯಾಗುವ ಎರಡನ್ನೂ ಫಾಲ್ಸ್‌ನಿಂದ ಟ್ರೂ ಮಾಡಿದರೆ, ಮುಂದಿನ ಸಲ ಲಿಂಕ್ ಒತ್ತಿದಾಗ "ಯಾವುದರಲ್ಲಿ ತೆರೆಯಲಿ" ಎಂದು ಕೇಳುವ ಕಿಟಕಿ ಬರುತ್ತದೆ. ಫೈರ್‌ಫಾಕ್ಸ್ ಆರಿಸಿ, ಯಾವಾಗಲೂ ಇದನ್ನೇ ಬಳಸು ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮತ್ತೆ ಕೇಳುವುದಿಲ್ಲ.

ಇದೂ ಕೈಕೊಟ್ಟರೆ ಕೊನೆಯ ಉಪಾಯ, ನೆನಪಿನ ಫೈಲನ್ನೇ ಪಕ್ಕಕ್ಕೆ ಇಡುವುದು. ಹೆಲ್ಪ್ ಮೆನುವಿನ "ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್" ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಬಟನ್ ಇದೆ. ಫೋಲ್ಡರ್ ತೆರೆದ ಮೇಲೆ ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, "ಹ್ಯಾಂಡ್ಲರ್ಸ್ ಡಾಟ್ ಜೆಸನ್" ಫೈಲ್ ಹೆಸರಿನ ಮುಂದೆ ಓಲ್ಡ್ ಎಂದು ಸೇರಿಸಿ ಹೆಸರು ಬದಲಿಸಿ. ಮತ್ತೆ ತೆರೆದಾಗ ಹೊಸದು ತಾನೇ ಹುಟ್ಟುತ್ತದೆ. ಮೇಲ್, ಅಕೌಂಟ್, ಅಡ್ರೆಸ್ ಬುಕ್ ಯಾವುದಕ್ಕೂ ಇದರಿಂದ ಧಕ್ಕೆ ಇಲ್ಲ. ಪಿಡಿಎಫ್ ಯಾವುದರಲ್ಲಿ ತೆರೆಯಬೇಕು ಎಂಬಂಥ ಹಳೇ ಆಯ್ಕೆಗಳು ಮಾತ್ರ ಅಳಿಸಿಹೋಗುತ್ತವೆ.

ಧಾರವಾಡದಿಂದ

ಮೈಸೂರಿನವರು ಹೇಳಿದ್ದು ಬರೋಬ್ಬರಿ ಐತಿ. ಒಂದು ಮಾತು ಸೇರಸ್ತೀನಿ. ಎಚ್‌ಟಿಟಿಪಿ ಬೇರೆ, ಎಚ್‌ಟಿಟಿಪಿಎಸ್ ಬೇರೆ ಅಂತ ಸಿಸ್ಟಮ್ ಲೆಕ್ಕ ಇಡತದ. ಒಂದನ್ನ ಸರಿ ಮಾಡಿ ಇನ್ನೊಂದನ್ನ ಬಿಟ್ರ ಕೆಲವು ಲಿಂಕ್ ತೆರೀತಾವ, ಕೆಲವು ತೆರಿಯೂದಿಲ್ಲ. ಇಲ್ಲಾ ಅಂದ್ರ ಕೆಲವು ಒಂದು ಬ್ರೌಸರ್‌ಗೆ ಹೋಗತಾವ, ಉಳಿದಾವು ಇನ್ನೊಂದಕ್ಕ. ಹಂಗಾದಾಗ ಮೇಲ್ ಕಳಿಸಿದವರ ಲಿಂಕೇ ಕೆಟ್ಟದ ಅಂತ ಮಂದಿ ತಿಳ್ಕೋತಾರ.

ಟರ್ಮಿನಲ್ (ಆಜ್ಞೆ ಟೈಪ್ ಮಾಡೂ ಕಿಟಕಿ) ತೆರೆಯಾಕ ಅಂಜಿಕಿ ಇಲ್ಲದವರು ಹಿಂಗ ನೋಡ್ರಿ (ಇಂಗ್ಲಿಷಿನಾಗ, ಎಲ್ಲಾ ಸಣ್ಣ ಅಕ್ಷರ): "ಎಕ್ಸ್‌ಡಿಜಿ-ಸೆಟ್ಟಿಂಗ್ಸ್ ಗೆಟ್ ಡೀಫಾಲ್ಟ್-ವೆಬ್-ಬ್ರೌಸರ್". ಫೈರ್‌ಫಾಕ್ಸ್ ಡಾಟ್ ಡೆಸ್ಕ್‌ಟಾಪ್ ಅಂತ ಬಂದ್ರ ಸಿಸ್ಟಮ್ ಕಡೆ ತಕರಾರಿಲ್ಲ. ಈ ಆಯ್ಕೆಗಳೆಲ್ಲ ಹೋಮ್ ಫೋಲ್ಡರ್‌ನ ಡಾಟ್ ಕನ್ಫಿಗ್ ಒಳಗ "ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್" ಅನ್ನೂ ಸಾದಾ ಟೆಕ್ಸ್ಟ್ ಫೈಲ್‌ನಾಗ ಇರತಾವ. ತೆರೆದು ನೋಡಿದ್ರ ಎರಡಕ್ಕೂ ಒಂದೊಂದು ಸಾಲು ಕಣ್ಣಿಗೆ ಕಾಣತದ.

ಕೇಳಿದವರು

ತುಂಬಾ ಉಪಕಾರವಾಯಿತು. ಅಪ್ಪನಿಗೆ ಫೋನ್ ಮಾಡಿ ರೈಟರ್ ಪರೀಕ್ಷೆ ಮಾಡಿಸಿದೆ, ಅಲ್ಲಿ ಫೈರ್‌ಫಾಕ್ಸ್ ಸರಿಯಾಗಿ ತೆರೆಯಿತು. ಆಮೇಲೆ ಫೈಲ್ಸ್ ಆ್ಯಂಡ್ ಅಟ್ಯಾಚ್‌ಮೆಂಟ್ಸ್ ಪಟ್ಟಿ. ಎಚ್‌ಟಿಟಿಪಿಎಸ್ ಎದುರು ತೆಗೆದುಹಾಕಿದ ಬ್ರೌಸರ್‌ನ ಹೆಸರು ಇನ್ನೂ ಇತ್ತು. ಎಚ್‌ಟಿಟಿಪಿ ಪಟ್ಟಿಯಲ್ಲೇ ಇರಲಿಲ್ಲ; ಧಾರವಾಡದವರು ಹೇಳಿದ ಹಾಗೆ ಎರಡರ ಲೆಕ್ಕವೂ ಬೇರೆ ಬೇರೆ. ಎಚ್‌ಟಿಟಿಪಿಎಸ್‌ಗೆ ಫೈರ್‌ಫಾಕ್ಸ್ ಕೊಟ್ಟೆವು, ಈಗ ಎರಡು ಬಗೆಯವೂ ತೆರೆಯುತ್ತಿವೆ. "ಮತ್ತೆ ಕಾಪಿ ಪೇಸ್ಟ್ ಬೇಡ್ವಲ್ಲ?" ಎಂದು ಅಪ್ಪ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇದೇ ತೊಂದರೆ ಬೇರೆ ಕಡೆ ಅನುಭವಿಸಿದವರು ಬರೆಯುತ್ತಾ ಹೋಗಿ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಮಂಗಳೂರಿನಿಂದ

ಉಬುಂಟು ಇರುವವರಿಗೆ ಒಂದು ವಿಷಯ ಹೇಳಲಿಕ್ಕುಂಟು. ಮಿಂಟ್‌ನಲ್ಲಿ ಎರಡೂ ಸಾಮಾನ್ಯ ಪ್ಯಾಕೇಜ್ ಆಗಿ ಬರುವುದರಿಂದ ಮೇಲಿನದು ಸಲೀಸಾಗಿ ಆಯಿತು. ಉಬುಂಟುವಿನಲ್ಲಿ 22.04ರಿಂದ ಫೈರ್‌ಫಾಕ್ಸ್, 24.04ರಿಂದ ಥಂಡರ್‌ಬರ್ಡ್ ಕೂಡ ಸ್ನ್ಯಾಪ್ ಆಗಿ ಬರ್ತದೆ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎರಡೂ ಪ್ರೋಗ್ರಾಮನ್ನು ಬೇಲಿಯೊಳಗೆ ಇಡುವಂಥವು. ಒಳಗಿದ್ದದ್ದು ಹೊರಗಿನ ಪ್ರೋಗ್ರಾಮನ್ನು ನೇರ ಶುರು ಮಾಡಲಿಕ್ಕಾಗುವುದಿಲ್ಲ, "ಪೋರ್ಟಲ್" ಅಂತ ಮಧ್ಯದಲ್ಲಿ ಒಂದು ಸೇವೆ ಉಂಟು, ಅದರ ಮೂಲಕವೇ ಕೇಳಬೇಕು. ಹಾಗಾಗಿ ಅಲ್ಲಿ "ಯೂಸ್ ಅದರ್" ಕೊಟ್ಟು ಫೈಲ್ ತೋರಿಸುವುದರಲ್ಲಿ ಅರ್ಥ ಇಲ್ಲ. ಸಿಸ್ಟಮ್‌ನ ಡೀಫಾಲ್ಟ್ ಸರಿ ಮಾಡಿ, ಥಂಡರ್‌ಬರ್ಡ್‌ನಲ್ಲಿ ಡೀಫಾಲ್ಟ್ ಅಂತಲೇ ಬಿಡಿ.

ಗ್ನೋಮ್, ಕೆಡಿಇಯಂಥ ದೊಡ್ಡ ಡೆಸ್ಕ್‌ಟಾಪ್ ಬಿಟ್ಟು ಹಗುರ ವಿಂಡೋ ಮ್ಯಾನೇಜರ್ ಹಾಕಿಕೊಂಡವರು ಗಮನಿಸಿ. ಪೋರ್ಟಲ್‌ಗೆ ಮುಖ್ಯ ಪ್ಯಾಕೇಜ್ ಒಂದೇ ಸಾಲುವುದಿಲ್ಲ, ಜಿಟಿಕೆ ಅಥವಾ ಕೆಡಿಇಯದ್ದು ಅಂತ ಜೊತೆ ಪ್ಯಾಕೇಜ್ ಒಂದು ಬೇಕು. ಅದಿಲ್ಲದೆ ಲಿಂಕ್ ಒತ್ತಿ ಒತ್ತಿ ಬೆರಳು ಸೋತದ್ದೇ ಬಂತು. ಮತ್ತೆ, ಹಳೇ ಉಬುಂಟುವಿನಿಂದ ಅಪ್‌ಗ್ರೇಡ್ ಆದವರು ಮೈಮ್‌ಆ್ಯಪ್ಸ್ ಫೈಲ್ ನೋಡುವಾಗ ಫೈರ್‌ಫಾಕ್ಸ್ ಹೆಸರನ್ನೂ ನೋಡಿ. ಸ್ನ್ಯಾಪ್ ಆದ ಮೇಲೆ ಅದು "ಫೈರ್‌ಫಾಕ್ಸ್ ಅಂಡರ್‌ಸ್ಕೋರ್ ಫೈರ್‌ಫಾಕ್ಸ್ ಡಾಟ್ ಡೆಸ್ಕ್‌ಟಾಪ್".

ಬೆಂಗಳೂರಿನಿಂದ, ಆಫೀಸ್ ಐಟಿ ಸಪೋರ್ಟ್

ನಮ್ಮಲ್ಲಿ ಎಲ್ಲ ವಿಂಡೋಸ್ ಮತ್ತು ಔಟ್‌ಲುಕ್. ಹೆಚ್ಚು ಬರುವ ಕೇಳಿಕೆ: "ಡೀಫಾಲ್ಟ್ ಕ್ರೋಮ್ ಇಟ್ಟಿದ್ದೀನಿ, ಔಟ್‌ಲುಕ್ ಲಿಂಕ್ ಮಾತ್ರ ಎಡ್ಜ್‌ನಲ್ಲೇ ತೆರೆಯುತ್ತೆ." ಅದು ಕೆಟ್ಟಿರುವುದಲ್ಲ. ಮೈಕ್ರೋಸಾಫ್ಟ್ 365ರ ಔಟ್‌ಲುಕ್‌ನಲ್ಲಿ 2023ರಿಂದ ಲಿಂಕ್‌ಗಳಿಗೆ ಪ್ರತ್ಯೇಕ ಆಯ್ಕೆ ಇದೆ, ಅದು ಮೊದಲಿಗೆ ಎಡ್ಜ್ ಆಗಿರುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಅಲ್ಲಿ "ಲಿಂಕ್ ಹ್ಯಾಂಡ್ಲಿಂಗ್" ಭಾಗದಲ್ಲಿ ಡೀಫಾಲ್ಟ್ ಬ್ರೌಸರ್ ಎಂದು ಬದಲಿಸಿ. ಬದಲಿಸಲು ಬಿಡದಿದ್ದರೆ ಕಂಪನಿಯ ಅಡ್ಮಿನ್ ಪಾಲಿಸಿ ಹಾಕಿರುತ್ತಾರೆ, ಅವರನ್ನೇ ಕೇಳಬೇಕು.

ಇನ್ನೊಂದು ಹಳೆಯ ಕಾಟ. ಲಿಂಕ್ ಒತ್ತಿದರೆ, ಈ ಕಂಪ್ಯೂಟರ್ ಮೇಲಿನ ನಿರ್ಬಂಧಗಳಿಂದಾಗಿ ಕೆಲಸ ರದ್ದಾಗಿದೆ, ಅಡ್ಮಿನ್ ಅವರನ್ನು ಕೇಳಿ ಎಂಬ ಸಂದೇಶ. ಓದಿದವರಿಗೆ ಆಫೀಸಿನವರು ಏನೋ ಬ್ಲಾಕ್ ಮಾಡಿದ್ದಾರೆ ಅನ್ನಿಸುತ್ತದೆ. ಎಷ್ಟೋ ಸಲ ನಿಜವಾದ ಕಾರಣ ಇಲ್ಲಿ ಕೇಳಿದವರದ್ದೇ: ಬ್ರೌಸರ್ ಒಂದನ್ನು ತೆಗೆದಾಗ ಅದರ ಗುರುತು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಉಳಿದಿರುತ್ತದೆ. ಕರೆಂಟ್ ಯೂಸರ್ ಭಾಗದಲ್ಲಿ ಸಾಫ್ಟ್‌ವೇರ್, ಕ್ಲಾಸಸ್, ಅದರೊಳಗೆ "ಡಾಟ್ ಎಚ್‌ಟಿಎಂಎಲ್". ಅದರ ಡೀಫಾಲ್ಟ್ ಮೌಲ್ಯ "ಎಚ್‌ಟಿಎಂಎಲ್‌ಫೈಲ್" ಇರಬೇಕು, ಬದಲಿಗೆ ಹೋದ ಬ್ರೌಸರ್‌ನ ಹೆಸರಿರುತ್ತದೆ. ರಿಜಿಸ್ಟ್ರಿ ಮುಟ್ಟುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಳ್ಳಿ, ಅಭ್ಯಾಸ ಇಲ್ಲದವರು ದಯವಿಟ್ಟು ಕೈ ಹಾಕಬೇಡಿ. ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್‌ಗೆ ಹೋಗಿ ಬೇರೆ ಬ್ರೌಸರನ್ನು ಡೀಫಾಲ್ಟ್ ಮಾಡಿ, ಮತ್ತೆ ನಿಮ್ಮದಕ್ಕೆ ತಂದರೆ ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ವಿಂಡೋಸ್ 11 ಬಂದ ಹೊಸದರಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎಚ್‌ಟಿಎಂಎಲ್ ಎಂದು ಒಂದೊಂದಕ್ಕೂ ಬೇರೆ ಆರಿಸಬೇಕಿತ್ತು. 2022ರಲ್ಲಿ "ಸೆಟ್ ಡೀಫಾಲ್ಟ್" ಎಂಬ ಒಂದೇ ಬಟನ್ ಬಂತು.

ಮ್ಯಾಕ್ ಇರುವವರು: ಮ್ಯಾಕ್‌ಓಎಸ್‌ನ ವೆಂಚುರಾ ಆವೃತ್ತಿ ಮತ್ತು ಅದರ ನಂತರದವುಗಳಲ್ಲಿ ಡೀಫಾಲ್ಟ್ ಬ್ರೌಸರ್ ಆಯ್ಕೆ "ಡೆಸ್ಕ್‌ಟಾಪ್ ಆ್ಯಂಡ್ ಡಾಕ್" ಒಳಗಿದೆ. ಅಲ್ಲಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಹಾಸನದಿಂದ, ಬ್ಯಾಂಕಿನಲ್ಲಿ ಕೆಲಸ

ಲಿಂಕ್ ತೆರೆಯುವಂತಾಯಿತು, ಸಂತೋಷ. ಆದರೆ ಹಿರಿಯರ ಕಂಪ್ಯೂಟರ್ ಎಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ಕಾಪಿ ಪೇಸ್ಟ್ ಮಾಡುವಾಗ ವಿಳಾಸದ ಮೇಲೆ ಒಂದು ಸಲವಾದರೂ ಕಣ್ಣು ಹಾಯುತ್ತಿತ್ತು. ಈಗ ಒಂದೇ ಕ್ಲಿಕ್ಕಿಗೆ ಪುಟ ಬರುತ್ತದೆ. ಮೋಸದ ಮೇಲ್‌ಗಳು ಕಾಯುವುದು ಇದಕ್ಕೇ.

ತಂದೆಯವರಿಗೆ ಒಂದು ಅಭ್ಯಾಸ ಮಾಡಿಸಿ: ಒತ್ತುವ ಮೊದಲು ಮೌಸನ್ನು ಲಿಂಕ್ ಮೇಲೆ ಸುಮ್ಮನೆ ನಿಲ್ಲಿಸುವುದು. ಕಿಟಕಿಯ ತಳದಲ್ಲಿ ನಿಜವಾದ ವಿಳಾಸ ಕಾಣುತ್ತದೆ. ಎಚ್‌ಟಿಟಿಪಿಎಸ್ ಮತ್ತು ಎರಡು ಓರೆಗೆರೆ ಆದ ಮೇಲೆ, ಮುಂದಿನ ಓರೆಗೆರೆ ಬರುವವರೆಗಿನ ಭಾಗ ಮಾತ್ರ ಓದಬೇಕು, ಅದರಲ್ಲೂ ಕೊನೆಯ ತುದಿ. ಬ್ಯಾಂಕಿನದೆಂದು ಹೇಳಿಕೊಂಡು ಬಂದ ಲಿಂಕ್ ಆದರೆ ಅದು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುತ್ತದೆಯೇ ನೋಡಲಿ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕಿನ ಹೆಸರು ವಿಳಾಸದ ಮಧ್ಯದಲ್ಲೆಲ್ಲೋ ಇದ್ದು ತುದಿಯಲ್ಲಿ ಬೇರೇನೋ ಇದ್ದರೆ ಒತ್ತಲೇಬಾರದು.

ಮೇಲ್‌ನಲ್ಲಿ ಬರೆದ ವಿಳಾಸ ಒಂದು, ಲಿಂಕ್ ಹೋಗುವುದು ಇನ್ನೊಂದು ಕಡೆ ಎಂದಾದರೆ ಥಂಡರ್‌ಬರ್ಡ್ ತಡೆದು ಎಚ್ಚರಿಕೆ ಕೊಡುತ್ತದೆ. ಆ ಕಿಟಕಿ ಬಂದಾಗ ಓದದೆ ಮುಂದುವರಿಯಬೇಡಿ ಎಂದು ಹೇಳಿ. "ಇಲ್ಲಿ ಒತ್ತಿ" ಎಂಬಂಥ ಬಟನ್‌ಗಳಿಗೆ ಹೋಲಿಸಿ ನೋಡಲು ಬರಹದಲ್ಲಿ ವಿಳಾಸವೇ ಇರುವುದಿಲ್ಲ, ಅಲ್ಲಿ ನಮ್ಮ ಕಣ್ಣೇ ಗತಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಫೋನಿನ ಪಕ್ಕ ಬರೆದಿಡಿ.

ಉಡುಪಿಯಿಂದ, ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು

ಬ್ರೌಸರ್ ತೆರೆಯುತ್ತದೆ, ಆದರೆ "ಪುಟ ಸಿಗಲಿಲ್ಲ" ಎಂದು ಬರುತ್ತದೆ ಎನ್ನುವವರಿಗೆ ಇದು. ಕನ್ನಡ ಅಕ್ಷರವಿರುವ ವಿಳಾಸಗಳಲ್ಲಿ ಇದು ಜಾಸ್ತಿ. ಬ್ರೌಸರ್‌ನಿಂದ ವಿಳಾಸ ಕಾಪಿ ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಯೂ ಪರ್ಸೆಂಟ್ ಗುರುತಿನ ಜೊತೆ ಒಂಬತ್ತು ಅಕ್ಷರ ಆಗುತ್ತದೆ. "ಕುವೆಂಪು" ಎಂಬ ಹೆಸರನ್ನೇ ನೋಡಿ. ಸ್ವರ ಚಿಹ್ನೆ, ಸೊನ್ನೆ ಎಲ್ಲ ಬಿಡಿಸಿದರೆ ಏಳು, ಅಂದರೆ 63 ಅಕ್ಷರ. ಅದಕ್ಕೂ ಮೊದಲು ಬರುವ ವಿಕಿಪೀಡಿಯ ವಿಳಾಸ ಸೇರಿದರೆ 93. ಸಾದಾ ಟೆಕ್ಸ್ಟ್ ಮೇಲ್‌ನಲ್ಲಿ ಸಾಲಿನ ಅಳತೆ ಸಾಮಾನ್ಯವಾಗಿ 72 ಅಕ್ಷರ. ಕಳಿಸುವ ಕಡೆಯ ಪ್ರೋಗ್ರಾಮ್ ಅಲ್ಲಿ ಸಾಲು ಮುರಿದರೆ ಲಿಂಕ್ ಅರ್ಧಕ್ಕೇ ನಿಲ್ಲುತ್ತದೆ, ನೀಲಿ ಬಣ್ಣವೂ ಅರ್ಧಕ್ಕೇ ಇರುತ್ತದೆ. ಓದುವವರ ಸೆಟ್ಟಿಂಗ್ ಎಷ್ಟು ತಿದ್ದಿದರೂ ಇದು ಸರಿಹೋಗದು. ಕಳಿಸುವವರು ವಿಳಾಸದ ಹಿಂದೆ ಮುಂದೆ ಕೋನದ ಕಂಸ ಹಾಕಿದರೆ ಎಷ್ಟೋ ಪ್ರೋಗ್ರಾಮ್‌ಗಳು ಮುರಿದ ಸಾಲನ್ನು ಕೂಡಿಸಿ ಓದುತ್ತವೆ. ಇಲ್ಲವೇ ಎಚ್‌ಟಿಎಂಎಲ್ ಮೇಲ್‌ನಲ್ಲಿ ಲೇಖನದ ಹೆಸರಿಗೇ ಲಿಂಕ್ ಕೊಟ್ಟು ಕಳಿಸಿದರೆ ಚೆನ್ನ.

ಕೇಳಿದವರು

ಹಾಸನದ ಮೇಡಂ ಹೇಳಿದ್ದನ್ನು ಅಪ್ಪನಿಗೆ ಹೇಳಿಕೊಡಲು ಹೋದಾಗ ಅವರ ಥಂಡರ್‌ಬರ್ಡ್‌ನಲ್ಲಿ ತಳದ ಪಟ್ಟಿಯೇ ಕಾಣುತ್ತಿರಲಿಲ್ಲ. ಯಾರಿಗಾದರೂ ಹಾಗಿದ್ದರೆ: ಆಲ್ಟ್ ಕೀ ಒತ್ತಿದರೆ ಮೇಲೆ ಮೆನು ಬರುತ್ತದೆ, ವ್ಯೂ, ಟೂಲ್‌ಬಾರ್ಸ್, ಅದರೊಳಗೆ ಸ್ಟೇಟಸ್ ಬಾರ್‌ಗೆ ಟಿಕ್ ಹಾಕಿ.