ಅಮ್ಮನಿಗೆ ಎರಡೂ ದವಡೆಗೆ ಇಂಪ್ಲಾಂಟ್ ಹಲ್ಲು: ಒಪ್ಪುವ ಮೊದಲು ಏನು ಕೇಳಬೇಕು?

ತುಂಗಾತೀರ ಬರೆದಿದ್ದಾರೆ:

ನಮ್ಮ ತಾಯಿಗೆ 66 ವರ್ಷ. ಮೇಲಿನ ದವಡೆಯಲ್ಲಿ ಐದು ಹಲ್ಲು ಉಳಿದಿವೆ, ಐದೂ ಅಲ್ಲಾಡುತ್ತವೆ. ಕೆಳಗೆ ಮುಂದಿನ ಆರು ಗಟ್ಟಿಯಾಗಿವೆ, ಹಿಂದೆ ಒಂದೂ ಇಲ್ಲ. ತೆಗೆದು ಹಾಕುವ ಸೆಟ್ಟು ಇದೆ. ಆದರೆ ಅದು ಮದುವೆ ಮನೆಗೆ ಹೋಗುವಾಗ ಬಾಯಿಗೆ ಬರುತ್ತದೆ, ಪಂಕ್ತಿಯಲ್ಲಿ ಎಲೆ ಹಾಕಿದ ಕೂಡಲೇ ಕರವಸ್ತ್ರಕ್ಕೆ ಹೋಗುತ್ತದೆ.

ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಉಳಿದ ಹನ್ನೊಂದನ್ನೂ ಕಿತ್ತು, ಮೇಲೆ ನಾಲ್ಕು ಕೆಳಗೆ ನಾಲ್ಕು ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ) ಹಾಕಿ, ಮೂರನೇ ದಿನ ಪೂರ್ತಿ ಹಲ್ಲು ಕೊಡುತ್ತಾರಂತೆ. ಎರಡೂ ದವಡೆ ಸೇರಿ ಏಳು ಲಕ್ಷ. ಈ ವಾರದೊಳಗೆ ಮುಂಗಡ ಕಟ್ಟಿದರೆ ಐವತ್ತು ಸಾವಿರ ಕಡಿಮೆ. ಇದುವರೆಗೆ ತೆಗೆದಿರುವುದು ಎರಡೂ ದವಡೆ ಕಾಣುವ ಒಂದು ಅಗಲವಾದ ಎಕ್ಸ್‌ರೇ ಮಾತ್ರ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಚ್ಚಲುಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಡ್ರಿಪ್ ಹಾಕಿಸುತ್ತೇವೆ. ಊಟದ ನಂತರದ ಕವಳ (ಎಲೆ-ಅಡಿಕೆ) ತಪ್ಪುವುದಿಲ್ಲ. ತಂಬಾಕು ಮಾತ್ರ ಇಲ್ಲ.

ದುಡ್ಡು ಕಳಿಸಲು ಅಣ್ಣ ದುಬೈಯಲ್ಲಿ ತಯಾರಾಗಿ ಕುಳಿತಿದ್ದಾನೆ. ನಾನು ಹೂಂ ಎನ್ನುವುದೊಂದೇ ಬಾಕಿ. ನಿಜವಾದ ಅಪಾಯಗಳು ಯಾವುವು? ಮೂರು ದಿನದಲ್ಲಿ ಆಗುವ ಕೆಲಸವೇ ಇದು? ಅಮ್ಮನ ಪ್ರಶ್ನೆ ಒಂದೇ: ಕೋಡುಬಳೆ ತಿನ್ನಬಹುದೇ?

ಹಲ್ಲಿನ ಮೇಸ್ತ್ರಿ ಬರೆದಿದ್ದಾರೆ:

ಮೇಡಂ, ನಾನು ದಂತವೈದ್ಯನಲ್ಲ, ಹುಬ್ಬಳ್ಳಿಯಲ್ಲಿ ಹಲ್ಲಿನ ಲ್ಯಾಬ್ ನಡೆಸುವವನು. ವೈದ್ಯರು ಬಾಯಿಯ ಅಳತೆ ಕಳಿಸುತ್ತಾರೆ, ಹಲ್ಲು ಕಟ್ಟಿಕೊಡುವುದು ನಾವು. ಮುರಿದ ಹಲ್ಲೂ ಕೊನೆಗೆ ನಮ್ಮ ಮೇಜಿಗೇ ಬರುವುದರಿಂದ ಯಾವುದು ಏಕೆ ಮುರಿಯಿತು ಎಂಬುದು ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಆ ಕಡೆಯಿಂದ ಹೇಳುತ್ತೇನೆ.

ಮೊದಲು, ಮುಂಗಡ ಕಟ್ಟಬೇಡಿ. ವಾರದ ಗಡುವಿನ ರಿಯಾಯಿತಿ ಸೀರೆ ಅಂಗಡಿಯಲ್ಲಿರಲಿ.

ಮೂರು ದಿನದ ಮಾತು ಸುಳ್ಳಲ್ಲ, ಅರ್ಧ ನಿಜ. ಟೈಟಾನಿಯಂ ಜೀವಂತ ಮೂಳೆಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಕಂಡುಕೊಂಡರು. ಮನುಷ್ಯನ ದವಡೆಗೆ ಹಾಕಿದ್ದು 1965ರಲ್ಲಿ. ಆಗೆಲ್ಲ ಸ್ಕ್ರೂ ಕೂರಿಸಿ, ವಸಡು ಹೊಲಿದು, ತಿಂಗಳುಗಟ್ಟಲೆ ಕಾದ ಮೇಲೆ ಹಲ್ಲು ಕೊಡುತ್ತಿದ್ದರು. ನಿಮಗೆ ಹೇಳಿರುವ ನಾಲ್ಕರ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ರೂಢಿಗೆ ತಂದವರು ಲಿಸ್ಬನ್ನಿನ ಪಾವ್ಲೊ ಮಾಲೊ. ಮುಂದಿನ ಎರಡು ನೇರ, ಹಿಂದಿನ ಎರಡು 45 ಡಿಗ್ರಿಯವರೆಗೂ ಓರೆ. ಮೇಲಿನ ದವಡೆಯಲ್ಲಿ ಹಿಂದಕ್ಕೆ ಹೋದರೆ ಸೈನಸ್ಸಿನ ಗಾಳಿಗೂಡು, ಕೆಳದವಡೆಯಲ್ಲಾದರೆ ನರ. ಓರೆಯಾಗಿ ಹಾಕಿದರೆ ಎರಡನ್ನೂ ತಪ್ಪಿಸಿ ಉದ್ದದ ಸ್ಕ್ರೂ ಹಿಡಿಸಬಹುದು, ಅನೇಕರಿಗೆ ಬೇರೆ ಮೂಳೆ ತುಂಬುವ ಕೆಲಸವೂ ಉಳಿಯುತ್ತದೆ.

ಮೂರನೇ ದಿನ ಕೊಡುವುದು ಅಕ್ರಿಲಿಕ್ಕಿನ ತಾತ್ಕಾಲಿಕ ಹಲ್ಲು. ಸ್ಕ್ರೂ ಬಿಗಿಯುವಾಗ ಮೂಳೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಅದನ್ನು ಕೊಡುತ್ತಾರೆ. ಬಿಗಿತ ಅಳೆಯುವ ಕೀಲಿಯಲ್ಲಿ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ ನೋಡುತ್ತಾರೆ. ಅಷ್ಟು ಸಿಗದಿದ್ದರೆ ಕಾಯಬೇಕು. ಒಳ್ಳೆಯ ವೈದ್ಯರು ಈ ಮಾತನ್ನು ಮೊದಲೇ ಹೇಳಿರುತ್ತಾರೆ. ಹಾಕಿದ ದಿನದ ಹಿಡಿತ ಬರೀ ಯಾಂತ್ರಿಕ. ಮುಂದಿನ ವಾರಗಳಲ್ಲಿ ಸುತ್ತಲಿನ ಹಳೆಯ ಮೂಳೆ ಕರಗುತ್ತದೆ, ಹೊಸದು ನಿಧಾನವಾಗಿ ತುಂಬಿಕೊಳ್ಳುತ್ತದೆ. ನಡುವೆ ಎರಡರಿಂದ ನಾಲ್ಕನೇ ವಾರದ ಹೊತ್ತಿಗೆ ಹಿಡಿತ ಮೊದಲಿಗಿಂತಲೂ ಸಡಿಲವಾಗಿರುತ್ತದೆ. ಎಡವಟ್ಟು ಏನೆಂದರೆ ಅಷ್ಟರಲ್ಲಿ ಊತ ಇಳಿದು ನೋವು ಮಾಯವಾಗಿ, ರೋಗಿಗೆ ಎಲ್ಲ ಮುಗಿಯಿತು ಎನ್ನಿಸಿರುತ್ತದೆ. ಹಬ್ಬವೂ ಆಗಲೇ ಬರುತ್ತದೆ! ಆದ್ದರಿಂದ ಅಮ್ಮನವರಿಗೆ ಹೇಳಿ: ಮೂರು ತಿಂಗಳಾದರೂ ಮೆತ್ತಗಿನದೇ ಊಟ. ಕೋಡುಬಳೆ ಕಾಯಂ ಹಲ್ಲು ಬಂದ ಮೇಲೆ, ಅದೂ ಕೈಯಲ್ಲಿ ಮುರಿದು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವುದು ಆಗಲೂ ಬೇಡ.

ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಬಿಡಿಸಿ ಹೇಳದ ಒಂದು ವಿಷಯವಿದೆ. ಈ ಬಗೆಯ ಹಲ್ಲಿಗೆ ದಪ್ಪ ಬೇಕು. ಮೂಳೆಯಿಂದ ಎದುರಿನ ಹಲ್ಲಿನ ತುದಿಯವರೆಗೆ ಸುಮಾರು ಹದಿನೈದು ಮಿಲಿಮೀಟರ್ ಜಾಗ ಸಿಕ್ಕರೆ ನಾವು ಗಟ್ಟಿಯಾಗಿ ಕಟ್ಟಬಲ್ಲೆವು. ಹಲ್ಲು ಇದ್ದ ಕಡೆ ಅಷ್ಟು ಜಾಗ ಇರುವುದಿಲ್ಲ, ಆದ್ದರಿಂದ ಕಿತ್ತ ಮೇಲೆ ದವಡೆಯ ಏಣನ್ನೇ ತರಿದು ಸಮ ಮಾಡುತ್ತಾರೆ. ವಿಧಾನದ ಪ್ರಕಾರ ಅದು ಸರಿಯೇ. ಆದರೆ ಮುಂದೆ ಇಂಪ್ಲಾಂಟ್ ಕೈಕೊಟ್ಟರೆ, ಸಾಮಾನ್ಯ ಸೆಟ್ಟು ಕುಳಿತುಕೊಳ್ಳಬೇಕಾದ ಏಣು ಅಷ್ಟರಮಟ್ಟಿಗೆ ಇಲ್ಲವಾಗಿರುತ್ತದೆ. ಸ್ಕ್ರೂವನ್ನು ಬಿಚ್ಚಬಹುದು, ತರಿದ ಮೂಳೆಯನ್ನು ಮತ್ತೆ ಅಂಟಿಸಲಾಗದು. ಕೆಳಗಿನ ಆರು ಗಟ್ಟಿ ಹಲ್ಲುಗಳನ್ನು ಏಕೆ ಕೀಳಬೇಕು ಎಂಬುದಕ್ಕೆ ನಿಮಗೆ ಒಪ್ಪಿಗೆಯಾಗುವ ಉತ್ತರ ಸಿಗುವವರೆಗೆ ಇಕ್ಕಳ ಹತ್ತಿರ ಬರಲು ಬಿಡಬೇಡಿ. ಉತ್ತರ ಇರಲೂಬಹುದು. ಬೇರಿನ ಸುತ್ತ ಮೂಳೆ ಎಷ್ಟಿದೆ ಎಂಬುದು ನನಗೆ ಇಲ್ಲಿಂದ ಕಾಣುವುದಿಲ್ಲ.

ಮುರಿಯುವ ವಿಷಯ. ನನ್ನ ಮುಂದೆ ಈಗ ಕೆಳದವಡೆಯ ಒಂದು ಬ್ರಿಡ್ಜ್, ಅಂದರೆ ಇಂಪ್ಲಾಂಟುಗಳ ಮೇಲೆ ಬಿಗಿಯುವ ಹಲ್ಲಿನ ಸಾಲು, ಇದೆ, ಕೊನೆಯ ಸ್ಕ್ರೂ ತೂತಿನ ಬೆನ್ನಿಗೇ ಸೀಳಿದೆ. ಒಳಗೆ ಲೋಹದ ಪಟ್ಟಿ ಇಲ್ಲ, ತೂತಿನ ಪಕ್ಕದಲ್ಲಿ ಅಕ್ರಿಲಿಕ್ ಉಗುರಿನಷ್ಟು ತೆಳ್ಳಗಿದೆ, ಕೊನೆಯ ಸ್ಕ್ರೂವಿನಿಂದ ಆಚೆಗೆ ಎರಡು ಹಲ್ಲು ಆಧಾರವಿಲ್ಲದೆ ಚಾಚಿಕೊಂಡಿವೆ. ಚೆನ್ನಾಗಿ ಅಗಿಯಲಿ ಎಂದು ಯಾರೋ ಧಾರಾಳವಾಗಿ ಕೊಟ್ಟಿದ್ದಾರೆ. ಸ್ವಂತ ಹಲ್ಲಿನ ಬೇರಿನ ಸುತ್ತ ಇರುವ ಪೊರೆ ಅನ್ನದ ಕಲ್ಲನ್ನೂ ಕೂಡಲೇ ಪತ್ತೆಹಚ್ಚಿ ಕಚ್ಚುವುದನ್ನು ನಿಲ್ಲಿಸುತ್ತದೆ. ಇಂಪ್ಲಾಂಟಿಗೆ ಆ ಪೊರೆ ಇಲ್ಲ. ಎಷ್ಟು ಬಲವಾಗಿ ಕಚ್ಚುತ್ತಿದ್ದೇವೆ ಎಂಬುದು ರೋಗಿಗೆ ಸರಿಯಾಗಿ ತಿಳಿಯುವುದೇ ಇಲ್ಲ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರಂತೂ ಮೊದಲೇ ಹೇಳಬೇಕು.

ಕಾಯಂ ಹಲ್ಲು ಕೂರಿಸುವ ದಿನ ನೀವೇ ಒಂದು ಪರೀಕ್ಷೆ ನೋಡಬಹುದು. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿಯಬೇಕು, ಇನ್ನೊಂದು ತುದಿ ಏಳದೆ ಕುಳಿತಿರಬೇಕು. ಅಲ್ಲಿ ಸಂದು ಕಂಡರೆ ಬ್ರಿಡ್ಜ್ ಸರಿಯಿಲ್ಲ ಎಂದರ್ಥ. ನಾಲ್ಕನ್ನೂ ಬಿಗಿದರೆ ಸಂದು ಮುಚ್ಚುತ್ತದೆ ನಿಜ, ಆ ಎಳೆತವನ್ನು ಮಾತ್ರ ಸ್ಕ್ರೂಗಳು ಹಗಲೂ ರಾತ್ರಿ ಹೊತ್ತಿರುತ್ತವೆ. ಅಳತೆ ನೋಡುವಾಗ ಅಮ್ಮನವರಿಗೆ ಬಾಯಿ ತುಂಬ ನಗಲು ಹೇಳಿ. ಗುಲಾಬಿ ಅಕ್ರಿಲಿಕ್ ಮತ್ತು ಸ್ವಂತ ವಸಡು ಸೇರುವ ಗೆರೆ ತುಟಿಯ ಮರೆಯಲ್ಲೇ ಇರಬೇಕು. 'ಸಾವಿರದ ಐವತ್ತಾರು' ಎಂದು ಹೇಳಿಸಿ, ಸಿಳ್ಳೆ ಬಂದರೆ ಅಲ್ಲೇ ತಿದ್ದಿಸಬೇಕು.

ಕೊನೆಗೆ, ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೆ ಕಂಪನಿ, ವ್ಯಾಸ, ಉದ್ದ, ಬ್ಯಾಚ್ ಸಂಖ್ಯೆ ಇರುವ ಚೀಟಿ ಇರುತ್ತದೆ. ಎಂಟು ಚೀಟಿಗಳನ್ನೂ ಕೇಳಿ ಪಡೆಯಿರಿ. ಆರೇಳು ವರ್ಷದ ಮೇಲೆ ಕ್ಲಿನಿಕ್ ಎತ್ತಂಗಡಿಯಾಗಿದ್ದರೆ, ಹೆಸರೇ ಗೊತ್ತಿಲ್ಲದ ಸ್ಕ್ರೂವಿಗೆ ಹೊಂದುವ ಕೀಲಿ ಹುಡುಕುವುದು ದೊಡ್ಡ ತಲೆನೋವು.

ವಾರ್ಡ್ ಡ್ಯೂಟಿ ಬರೆದಿದ್ದಾರೆ:

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಆ ಡ್ರಿಪ್ಪಿನ ಹೆಸರು ನೋಡಿ. ವರ್ಷಕ್ಕೊಮ್ಮೆ ಎಂದರೆ ಬಹುಶಃ ಜೋಲೆಡ್ರೊನಿಕ್ ಆಮ್ಲ, 5 ಮಿಲಿಗ್ರಾಂ. ಈ ಔಷಧ ಪಡೆದವರಲ್ಲಿ ಹಲ್ಲು ಕಿತ್ತ ಜಾಗ ಮಾಯದೆ, ದವಡೆಯ ಮೂಳೆ ಬರಿದಾಗಿ ಹೊರಗೆ ಕಾಣುವ ತೊಂದರೆ ಕೆಲವೊಮ್ಮೆ ಬರುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಪದೇಪದೇ ಕೊಡುವಾಗ ಅಪಾಯ ಹೆಚ್ಚು. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ತೀರಾ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದೇ ಸಲಕ್ಕೆ ಹನ್ನೊಂದು ಹಲ್ಲು ಕಿತ್ತು, ಏಣು ತರಿದು, ಎಂಟು ಕಡೆ ಕೊರೆಯುವಾಗ ಇದು ಲೆಕ್ಕಕ್ಕೆ ಬರಲೇಬೇಕು. ಔಷಧ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಮುಂದಿನ ಡ್ರಿಪ್ ಒಂದನ್ನು ಬಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್ ಆಗಿದ್ದರೆ ನೀವಾಗಿಯೇ ಮುಂದೂಡುವುದಂತೂ ಕೂಡದು, ಬೆನ್ನುಮೂಳೆ ಮುರಿದ ಪ್ರಕರಣಗಳಿವೆ. ಮೂಳೆ ವೈದ್ಯರಿಂದ ಪತ್ರ ಬರೆಸಿ, ದಂತವೈದ್ಯರ ಕೈಗೆ ಕೊಡಿ.

'ಹತೋಟಿಯಲ್ಲಿದೆ' ಎನ್ನುವುದು ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ನೋಡಿಯೋ? ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಅದು ಏರಿದ್ದರೆ ಗಾಯ ಮಾಯುವುದೂ ತಡ, ಸೋಂಕೂ ಬೇಗ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ನೀವೇ ನಿಲ್ಲಿಸಬೇಡಿ.

ಇನ್ನು ಕವಳ. ತೀರ್ಥಹಳ್ಳಿಯ ಕಡೆಯವರಿಗೆ ಇದನ್ನು ಹೇಳಿದರೆ ಮನೆಗೆ ಸೇರಿಸುವುದಿಲ್ಲ, ಆದರೂ ಹೇಳುತ್ತೇನೆ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಡಿಮೆಯಾಗಬಹುದು. ಅಮ್ಮನವರ ಮೂರು ಬೆರಳು ಒಂದರ ಮೇಲೊಂದಾಗಿ ಅವರ ಬಾಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಹಿಂದಿನ ಸ್ಕ್ರೂಗಳಿಗೆ ಡ್ರಿಲ್ ಹಿಡಿಯಲೂ ಜಾಗವಿರುವುದಿಲ್ಲ, ಇಂಪ್ಲಾಂಟಿಗಿಂತ ಮೊದಲು ಅದನ್ನು ತೋರಿಸಬೇಕು.

ಮೈಸೂರು ಪಿಂಚಣಿ ಬರೆದಿದ್ದಾರೆ:

ನಾನು ಕೆಳದವಡೆಗೆ ನಾಲ್ಕು ಹಾಕಿಸಿಕೊಂಡವನು. ಮೊದಲು ನೋವಿನ ಬಗ್ಗೆ ಹೇಳುತ್ತೇನೆ. ಮರಗಟ್ಟಿಸುವ ಚುಚ್ಚುಮದ್ದಿನ ಜೊತೆಗೆ ಮಂಪರು ಬರಿಸುವ ಔಷಧವನ್ನೂ ಕೊಟ್ಟಿದ್ದರು. ಕೊರೆಯುವಾಗ ನೋವಿಲ್ಲ, ತಲೆಬುರುಡೆಯೆಲ್ಲ ಗುಂಯ್‌ಗುಟ್ಟುತ್ತದೆ. ಮೂಳೆ ಬಿಸಿಯಾಗಿ ಸಾಯಬಾರದೆಂದು ಉಪ್ಪುನೀರು ಬಿಡುತ್ತಲೇ ಇರುತ್ತಾರೆ, ಅದು ಗಂಟಲಿಗೆ ಇಳಿಯುವುದೇ ಹೆಚ್ಚಿನ ಹಿಂಸೆ. ಊತ ಎರಡು ಮೂರನೇ ದಿನ ಜೋರಾಗುತ್ತದೆ. ಕತ್ತಿನವರೆಗೂ ನೀಲಿಗಟ್ಟಿತ್ತು. ಗಂಜಿ, ರಾಗಿ ಅಂಬಲಿ, ಕಿವುಚಿದ ಮೊಸರನ್ನದಲ್ಲಿ ದಿನ ಕಳೆಯಿತು.

ಹಲ್ಲು ಚೆನ್ನಾಗಿವೆ, ಸೌತೆಕಾಯಿ ಕೂಡ ತಿನ್ನುತ್ತೇನೆ. ಆದರೆ ಕೆಳತುಟಿಯ ಎಡಭಾಗಕ್ಕೆ ಇಂದಿಗೂ ಪೂರ್ತಿ ಸ್ಪರ್ಶ ಬಂದಿಲ್ಲ. ಕಾಫಿ ಗದ್ದದ ಮೇಲೆ ಇಳಿಯುತ್ತಿದ್ದರೆ ನನಗಿಂತ ಮೊದಲು ಮನೆಯವಳಿಗೆ ಗೊತ್ತಾಗುತ್ತದೆ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯನ್ನೇ ನಂಬಬೇಕು. ಆಮೇಲೆ ಬೇರೊಬ್ಬ ವೈದ್ಯರು ವಿವರಿಸಿದರು. ಕೆಳದವಡೆಯೊಳಗಿನ ನರ ಕಿರುದವಡೆ ಹಲ್ಲುಗಳ ಬುಡದ ಹತ್ತಿರ ಒಂದು ತೂತಿನಿಂದ ಹೊರಬಂದು ತುಟಿಗೂ ಗದ್ದಕ್ಕೂ ಹರಡುತ್ತದೆ. ಕೆಲವರಲ್ಲಿ ಅದು ಹೊರಬರುವ ಮುನ್ನ ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಾಗುತ್ತದೆ. ಓರೆ ಸ್ಕ್ರೂ ಕೂರುವುದು ಸರಿಯಾಗಿ ಅದರ ಮುಂದೆ. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನಿನಲ್ಲಿ ಆ ಬಾಗನ್ನು ಅಳೆಯಬಹುದಿತ್ತು. ನನಗೂ ಅಗಲದ ಎಕ್ಸ್‌ರೇ ಒಂದೇ ತೆಗೆದಿದ್ದರು.

ಮತ್ತೊಂದು: ದಿನವೂ ರಾತ್ರಿ ಬ್ರಿಡ್ಜಿನ ಅಡಿಯಲ್ಲಿ ನೀರಿನ ಚಿಲುಮೆ ಹಾಯಿಸಿ, ಸಣ್ಣ ಬ್ರಷ್ ತೂರಿಸಿ ತೊಳೆಯಬೇಕು. ಬಿಟ್ಟರೆ ಇಂಪ್ಲಾಂಟಿನ ಸುತ್ತಲಿನ ವಸಡು ಕೀವುಗಟ್ಟಿ, ನೋವೇ ಇಲ್ಲದೆ ಮೂಳೆ ಕರಗುತ್ತದೆ. ನಿಮ್ಮ ತಾಯಿಯವರ ಕೈ ಮಣಿಕಟ್ಟಿನ ಏಟಿನ ನಂತರ ಹೇಗಿದೆ?

ತುಂಗಾತೀರ ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದ. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡ್ರಿಪ್ಪಿನ ವಿಷಯ ಅವರ ಫಾರಂನಲ್ಲೇ ಇಲ್ಲ. ಸಿಬಿಸಿಟಿಯನ್ನು ಆಪರೇಷನ್ ದಿನವೇ ತೆಗೆಯುತ್ತಾರಂತೆ. ಆರು ಹಲ್ಲಿನ ಬಗ್ಗೆ ಕೇಳಿದ್ದಕ್ಕೆ 'ಪ್ಯಾಕೇಜ್ ಹಾಗೆಯೇ ಬರುತ್ತದೆ' ಎಂದರು. ಮುಂಗಡ ಕಟ್ಟಿಲ್ಲ. ಔಷಧ ಜೋಲೆಡ್ರೊನಿಕ್ ಆಮ್ಲವೇ. ಬೆರಳು ಮೂರೂ ಹೋದವು, ಅಮ್ಮ ನಕ್ಕರು. ಬಲಗೈ ಹಿಡಿತ ಮಾತ್ರ ಮೊದಲಿನಂತಿಲ್ಲ, ಅದು ನನಗೆ ಹೊಳೆದಿರಲೇ ಇಲ್ಲ.

ಮೇಸ್ತ್ರಿಯವರೇ, ಕೆಳಗಿನ ಆರನ್ನು ಉಳಿಸಿಕೊಂಡು, ಮೇಲೆ ಮಾತ್ರ ಕೀಳಿಸಿ ಸಾದಾ ಸೆಟ್ಟು ಹಾಕಿಸಿದರೆ ಸಾಕಲ್ಲವೇ?

ಹಲ್ಲಿನ ಮೇಸ್ತ್ರಿ ಬರೆದಿದ್ದಾರೆ:

ಹಾಗೆ ಮಾಡಿದವರು ಬಹಳ ಜನ. ಅಲ್ಲೊಂದು ತೊಡಕಿದೆ. ಕೆಳಗೆ ಮುಂದಿನ ಹಲ್ಲು ಮಾತ್ರ ಇದ್ದರೆ ಅಗಿಯುವುದೆಲ್ಲ ಮುಂದಕ್ಕೇ ಬಂದು, ಮೇಲಿನ ಸೆಟ್ಟಿನ ಮುಂಭಾಗವನ್ನು ಒತ್ತಿ ಒತ್ತಿ ಅಲ್ಲಿನ ಮೂಳೆ ಕರಗುತ್ತದೆ. ಕೆಲವು ವರ್ಷಗಳಲ್ಲಿ ಏಣು ಮೆತ್ತಗಾಗಿ ಸೆಟ್ಟು ಉಯ್ಯಾಲೆಯಾಡುತ್ತದೆ. ಆದ್ದರಿಂದ ಕೆಳಗೆ ಹಿಂದಿನ ಆಧಾರ ಬೇಕೇ ಬೇಕು. ಕೊಕ್ಕೆ ಇರುವ ಲೋಹದ ಅರೆಸೆಟ್ಟು ಆಗಬಹುದು, ಮೂಳೆ ಇದ್ದರೆ ಎರಡೂ ಬದಿಗೆ ಒಂದೊಂದು ಇಂಪ್ಲಾಂಟ್ ಆಗಬಹುದು. ಮುಂದೊಂದು ದಿನ ಆ ಆರೂ ಹೋದರೂ ನಾಲ್ಕೇ ಬೇಕೆಂದಿಲ್ಲ. ಎರಡು ಇಂಪ್ಲಾಂಟಿಗೆ ಗುಂಡಿ ಕೂರಿಸಿ, ಸೆಟ್ಟನ್ನು ಅದರ ಮೇಲೆ ಟಕ್ಕೆಂದು ಒತ್ತಿ ಹಾಕಿಕೊಳ್ಳುವ ಪದ್ಧತಿ ಇದೆ. ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ತೆಗೆದು ತೊಳೆಯಬಹುದು, ಹಿಡಿತ ಕಡಿಮೆಯಿರುವ ಕೈಗೆ ಬ್ರಿಡ್ಜಿನಡಿ ಬ್ರಷ್ ತೂರಿಸುವ ಕಷ್ಟವಿಲ್ಲ, ಖರ್ಚೂ ಕಡಿಮೆ. ನಮ್ಮಲ್ಲಿ ಇದರ ಜಾಹೀರಾತು ಕಾಣುವುದಿಲ್ಲ. ಕಾರಣ ನೀವೇ ಊಹಿಸಿ.

ಇಂಪ್ಲಾಂಟ್ ನಮ್ಮಲ್ಲಿ ಬೇರೆ ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ವಿಭಾಗವಲ್ಲ. ಹಲ್ಲು ಕಟ್ಟುವ ಪ್ರೊಸ್ತೊಡಾಂಟಿಕ್ಸ್ ಓದಿದವರು ಯೋಜನೆ ಮಾಡಿ, ಬಾಯಿಯ ಶಸ್ತ್ರಚಿಕಿತ್ಸಕರು ಇಲ್ಲವೇ ವಸಡಿನ ತಜ್ಞರು ಸ್ಕ್ರೂ ಹಾಕಿದರೆ ನಿಶ್ಚಿಂತೆ. ದಂತ ಕಾಲೇಜಿನಲ್ಲಿ ಮೂವರೂ ಒಂದೇ ಕಟ್ಟಡದಲ್ಲಿರುತ್ತಾರೆ. ನಿಮಗೆ ದಾವಣಗೆರೆಯ ಬಾಪೂಜಿ ಹತ್ತಿರ, ಧಾರವಾಡದ ಎಸ್‌ಡಿಎಂ ಸ್ವಲ್ಪ ದೂರ. ಸರದಿ ಕಾಯಬೇಕಾಗಬಹುದು, ಬೆಳಿಗ್ಗೆ ಬೇಗ ಹೋಗಿ.

ಸ್ಕ್ಯಾನ್ ಎಲ್ಲೇ ತೆಗೆಸಿದರೂ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ. ಫಿಲ್ಮಿನ ಮೇಲೆ ಮುದ್ರಿಸಿದ ನಾಲ್ಕು ಚಿತ್ರದಿಂದ ಇನ್ನೊಬ್ಬ ವೈದ್ಯರು ಏನನ್ನೂ ಅಳೆಯಲಾಗದು, ಮತ್ತೆ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ.