ರಾತ್ರಿ ಕೊಟ್ಟರೆ ಬೆಳಗ್ಗೆ 8ರೊಳಗೆ ಮನೆಗೆ ತಲುಪಿಸುವವರು ಇದ್ದಾರಾ?

ಕೇಳಿದವರು, ಗಿರಿನಗರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಮದುವೆ ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಕೂಡ ಮಾಡುತ್ತೇನೆ. ಮುಂದಿನ ವಾರ ಹುಬ್ಬಳ್ಳಿಗೆ ಒಂದು, ಕಲಬುರಗಿಗೆ ಒಂದು ಕಳಿಸಬೇಕು. ಕೆಲಸ ಮುಗಿಯುವುದೇ ಸಂಜೆ 7ಕ್ಕೆ. ಮಾರನೇ ದಿನ ಬೆಳಗ್ಗೆ 8ರೊಳಗೆ ಅವರ ಮನೆ ಬಾಗಿಲಿಗೆ ತಲುಪಬೇಕು. ಅಂಥ ಸರ್ವಿಸ್ ಯಾವುದಾದರೂ ಇದೆಯಾ? ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಪೀಣ್ಯದಿಂದ

ಮೇಡಂ, ಬೆಳಗ್ಗೆ 8ರೊಳಗೆ ಬೇಕು, ಮನೆ ಬಾಗಿಲಿಗೂ ಬೇಕು ಅಂದರೆ ಕಷ್ಟ. ಎರಡರಲ್ಲಿ ಒಂದನ್ನು ಬಿಡಿ.

ನಾನು ಮೆಷಿನ್ ಬಿಡಿಭಾಗ ಕಳಿಸುವವನು. ವಾರಕ್ಕೆ ಎರಡು ಸಲವಾದರೂ ಆನಂದರಾವ್ ಸರ್ಕಲ್ ಕಡೆ ಹೋಗಿ ರಾತ್ರಿ ಬಸ್ಸಿಗೆ ಹಾಕುತ್ತೇನೆ. ಹುಬ್ಬಳ್ಳಿ ಸುಮಾರು 410 ಕಿ.ಮೀ. ರಾತ್ರಿ 10ಕ್ಕೆ ಹೊರಟ ಬಸ್ಸು ಬೆಳಗ್ಗೆ 6ರ ಆಸುಪಾಸಿನಲ್ಲಿ ಅಲ್ಲಿರುತ್ತದೆ. ಅಷ್ಟು ಹೊತ್ತಿಗೆ ಯಾವ ಕೊರಿಯರ್ ಹುಡುಗನೂ ಎದ್ದಿರುವುದಿಲ್ಲ. ಆದರೆ ಬಸ್ಸೇನು ಮನೆ ಮುಂದೆ ಬಂದು ನಿಲ್ಲುತ್ತಾ? ಅವರ ಕಡೆಯವರು ಯಾರಾದರೂ ಹೋಗಿ ತರಬೇಕು.

ಒಂದು ಸಲ ಹೀಗಾಯ್ತು. ಹುಬ್ಬಳ್ಳಿಗೆ ಒಂದು ಬೇರಿಂಗ್ ಬಾಕ್ಸ್ ಕಳಿಸಿದ್ದೆ. ಬಸ್ಸು ಬೆಳಗಾವಿವರೆಗೆ ಹೋಗುವುದು. ಹುಬ್ಬಳ್ಳಿಯಲ್ಲಿ ಜನ ಇಳಿದರು, ನನ್ನ ಬಾಕ್ಸ್ ಮಾತ್ರ ಡಿಕ್ಕಿಯಲ್ಲೇ ಮಲಗಿತ್ತು. ಡ್ರೈವರ್ ಫೋನ್ ಸ್ವಿಚ್ ಆಫ್. ಬೆಳಗಾವಿಯಿಂದ ವಾಪಸ್ ಬರುವಾಗ ಮಧ್ಯಾಹ್ನ ಆಗಿತ್ತು, ಅಲ್ಲಿ ಫ್ಯಾಕ್ಟರಿ ಸುಮ್ನೆ ನಿಂತಿತ್ತು. ಅಂದಿನಿಂದ ಸಾಧ್ಯವಾದಷ್ಟೂ ಆ ಊರಲ್ಲೇ ಕೊನೆಯಾಗುವ ಬಸ್ಸಿಗೆ ಹಾಕುತ್ತೇನೆ. ಬಾಕ್ಸಿನ ಮೂರು ಕಡೆ ಮಾರ್ಕರ್‌ನಲ್ಲಿ ಊರು, ಫೋನ್ ನಂಬರ್ ದಪ್ಪಕ್ಕೆ ಬರೆಯುತ್ತೇನೆ. ರಸೀದಿ, ಬಸ್ಸಿನ ನಂಬರ್ ಪ್ಲೇಟ್, ಎರಡರದ್ದೂ ಫೋಟೋ ತೆಗೆದು ಅಲ್ಲಿಯವರಿಗೆ ವಾಟ್ಸಾಪ್ ಮಾಡುತ್ತೇನೆ. ಡ್ರೈವರ್ ನಂಬರ್ ಒಂದೇ ಇದ್ದರೆ ಸಾಲದು, ಕ್ಲೀನರ್ ನಂಬರೂ ಕೇಳಿ.

ಕಲಬುರಗಿ ದೂರ. ಬಸ್ಸಿಗೆ 11 ಗಂಟೆಯಾದರೂ ಬೇಕು. ಬೆಳಗ್ಗೆ 8 ಅಂದರೆ ಇಲ್ಲಿಂದ ರಾತ್ರಿ 8ಕ್ಕೇ ಹೊರಟಿರಬೇಕು. ಗಿರಿನಗರದಿಂದ 7ಕ್ಕೆ ಹೊರಟು ಆ ಟ್ರಾಫಿಕ್‌ನಲ್ಲಿ ಹಿಡಿಯುತ್ತೀರಾ, ನೀವೇ ಯೋಚಿಸಿ. ಬೀದರ್ ಆಗಿದ್ದರಂತೂ ಕೇಳಲೇಬೇಡಿ.

ಜಯನಗರದಿಂದ, ಮೊದಲು ಕೊರಿಯರ್ ಫ್ರಾಂಚೈಸಿ ನಡೆಸುತ್ತಿದ್ದೆ

ಮೇಲಿನವರು ಹೇಳಿದ್ದು ಸರಿ. ಯಾಕೆ ಅಂತ ನಾನು ಹೇಳುತ್ತೇನೆ.

ನೀವು ಸಂಜೆ ಕೊಟ್ಟ ಕವರ್ ಮೊದಲು ಹಬ್‌ಗೆ, ಅಂದರೆ ಎಲ್ಲ ಕಡೆಯ ಕವರ್ ಸೇರಿಸಿ ವಿಂಗಡಿಸುವ ಜಾಗಕ್ಕೆ ಹೋಗುತ್ತದೆ. ದೂರದ ಊರಾದರೆ ಅಲ್ಲಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ. ರಾತ್ರಿ ವಿಮಾನ, ಆ ಊರಿನ ಹಬ್, ಬೆಳಗಿನ ಜಾವ ಏರಿಯಾವಾರು ವಿಂಗಡಣೆ. ಹುಡುಗರು ಚೀಲ ಹೊತ್ತು ಹೊರಡುವಾಗ ಒಂಬತ್ತು, ಒಂಬತ್ತೂವರೆ. ಇದರಲ್ಲಿ 8 ಗಂಟೆ ಎಲ್ಲಿಂದ ಬರಬೇಕು ಹೇಳಿ. ಬ್ಲೂ ಡಾರ್ಟ್‌ನಲ್ಲಿ ಮಾರನೇ ಕೆಲಸದ ದಿನ ಬೆಳಗ್ಗೆ 10:30ರೊಳಗೆ, ಇಲ್ಲವೇ ಮಧ್ಯಾಹ್ನ 12ರೊಳಗೆ ಅಂತ ಸಮಯ ಗೊತ್ತುಮಾಡಿದ ಸರ್ವಿಸ್ ಇದೆ. ‘ಬೆಳಗ್ಗೆ’ ಅಂದರೆ ಕೊರಿಯರ್ ಲೆಕ್ಕದಲ್ಲಿ ಅದೇ. ಅದೂ ಎಲ್ಲ ಪಿನ್‌ಕೋಡ್‌ಗೂ ಇಲ್ಲ. ‘ಕೆಲಸದ ದಿನ’ ಅನ್ನುವ ಮಾತನ್ನೂ ಗಮನಿಸಿ. ಶನಿವಾರ ಸಂಜೆ ಕೊಟ್ಟು ಭಾನುವಾರದ ಮುಹೂರ್ತಕ್ಕೆ ಕಾಯಬೇಡಿ. ನಮ್ಮ ಕೌಂಟರಿಗೆ ಹಾಗೆ ಕಾಯ್ದು ಬೈದು ಹೋದವರು ಎಷ್ಟೋ ಜನ.

ಕಲಬುರಗಿಗೆ 2019ರಿಂದ ವಿಮಾನ ನಿಲ್ದಾಣ ಇದೆ. ಹಾಗಂತ ಕೊರಿಯರ್ ಚೀಲ ರಾತ್ರಿಯೇ ಅಲ್ಲಿ ಇಳಿಯುತ್ತದೆ ಅಂದುಕೊಳ್ಳಬೇಡಿ. ಪಿನ್‌ಕೋಡ್ ಹೇಳಿ ಕೇಳಿ. ಆಮೇಲೆ ‘ಇವತ್ತಿನ ಕಟ್ ಆಫ್ ಎಷ್ಟು ಗಂಟೆ’ ಅಂತಲೂ ಕೇಳಿ. ಏಳು ಗಂಟೆಗೆ ಅಂಗಡಿ ತೆರೆದಿರುತ್ತದೆ, ಗಾಡಿ ಹೋಗಿರುತ್ತದೆ. ಹುಡುಗ ನಗುನಗುತ್ತಲೇ ಬುಕ್ ಮಾಡಿಕೊಳ್ಳುತ್ತಾನೆ, ಕವರ್ ಮಾತ್ರ ನಾಳೆ ಸಂಜೆ ಹೊರಡುತ್ತದೆ.

ಇನ್ನೊಂದು, ಬ್ಲೌಸನ್ನು ದೊಡ್ಡ ಗಿಫ್ಟ್ ಬಾಕ್ಸ್‌ನಲ್ಲಿ ಇಡಬೇಡಿ. ವಿಮಾನದ ಕೊರಿಯರ್‌ನಲ್ಲಿ ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಮೂರೂ 30 ಸೆಂ.ಮೀ. ಇರುವ ಡಬ್ಬ ಆದರೆ 5.4 ಕಿಲೋ ದುಡ್ಡು, ಒಳಗಿರುವುದು ಅರ್ಧ ಕಿಲೋ ಬ್ಲೌಸ್. ಚಪ್ಪಟೆ ಕವರ್ ಸಾಕು. ಜೊತೆಗೆ ಸೆಂಟಿನ ಬಾಟಲಿ, ಪವರ್ ಬ್ಯಾಂಕ್ ಅಂತ ಸೇರಿಸಬೇಡಿ, ಸ್ಕ್ಯಾನಿಂಗ್‌ನಲ್ಲಿ ಇಡೀ ಕವರ್ ನಿಂತುಬಿಡುತ್ತದೆ.

ವಿಜಯನಗರದಿಂದ, ಊರು ಕುಂದಾಪುರ

ನಮ್ಮ ಅಮ್ಮ ಊರಿಂದ ಹಪ್ಪಳ, ಹಲಸಿನ ಕಾಯಿ ಎಲ್ಲ ರಾತ್ರಿ ಬಸ್ಸಿಗೇ ಹಾಕುವುದು. ಬೆಳಗ್ಗೆ ಹಲ್ಲುಜ್ಜುವ ಮೊದಲು ಹೋಗಿ ತರುತ್ತೇನೆ. ಮಳೆಗಾಲದಲ್ಲಿ ಮಾತ್ರ ನಂಬಿಕೆ ಇಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಸುತ್ತಿಕೊಂಡು ಬರಬೇಕು, ಇಲ್ಲ ಅಲ್ಲೇ ನಿಲ್ಲಬೇಕು. ನಿಮಗೆ ಹುಬ್ಬಳ್ಳಿ ದಾರಿಯಲ್ಲಿ ಘಾಟಿ ಇಲ್ಲ, ಪುಣ್ಯ. ಮುಂದೆ ಕರಾವಳಿಯವರ ಆರ್ಡರ್ ಬಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ದಿನ ಮುಂಚೆಯೇ ಕೊಡುತ್ತೇನೆ ಅಂತ ಹೇಳಿ.

ಕೆಂಗೇರಿಯಿಂದ

ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2021ರಲ್ಲಿ ಶುರುವಾಗಿದ್ದು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕೊಟ್ಟರೆ ಆ ಊರಿನ ನಿಲ್ದಾಣದಲ್ಲಿ ತೆಗೆದುಕೊಳ್ಳಬಹುದು. ಹೋಗುವ ಮೊದಲು ಎರಡೂ ಕಡೆಯ ಕೌಂಟರ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಕೇಳಿಕೊಳ್ಳಿ. ಬಸ್ಸು 6ಕ್ಕೆ ಬಂದು ಕೌಂಟರ್ 9ಕ್ಕೆ ತೆರೆದರೆ ಏನು ಪ್ರಯೋಜನ?

ಮೈಸೂರಿನ ಆರ್ಡರ್ ಬಂದರೆ ರಾತ್ರಿ ಗಡಿಬಿಡಿ ಬೇಡವೇ ಬೇಡ. 145 ಕಿ.ಮೀ. ಅಷ್ಟೇ. ಬೆಳಗಿನ ಜಾವ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬಸ್ಸು ಹತ್ತಿ ಯಾರಾದರೂ ಕೊಟ್ಟೇ ಬರಬಹುದು.

ಸ್ಪೀಡ್ ಪೋಸ್ಟ್ ಅಗ್ಗ, ಹಳ್ಳಿಗೂ ಹೋಗುತ್ತದೆ. ಆದರೆ ಪೋಸ್ಟ್‌ಮ್ಯಾನ್ ಬೀಟ್‌ಗೆ ಹೊರಡುವಾಗ ಮುಹೂರ್ತ ಮುಗಿದಿರುತ್ತದೆ.

ಯಶವಂತಪುರದಿಂದ

ರೈಲು? ರಾಣಿ ಚೆನ್ನಮ್ಮ ರಾತ್ರಿ ಹೊರಟು ಬೆಳಗ್ಗೆ ಹುಬ್ಬಳ್ಳಿಯಲ್ಲಿರುತ್ತದೆ. ಆದರೆ ಪಾರ್ಸೆಲ್ ಆಫೀಸಿಗೆ ಮೊದಲೇ ಹೋಗಿ ಬುಕ್ ಮಾಡಬೇಕು, ಬಿಡಿಸಿಕೊಳ್ಳಲು ಅಲ್ಲೂ ಕಾಯಬೇಕು. ಬೈಕ್ ಕಳಿಸುವುದಾದರೆ ಸರಿ. ಒಂದು ಬ್ಲೌಸಿಗೆ ಯಾಕೆ ಅಷ್ಟು ಕಷ್ಟ?

ಕೇಳಿದವರು, ಗಿರಿನಗರ

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯದನ್ನು ಬಸ್ಸಿಗೇ ಹಾಕಿದೆ. ಮೂರು ಕಡೆ ನಂಬರ್ ಬರೆದೆ, ಕ್ಲೀನರ್ ನಂಬರ್ ಕೇಳಿದ್ದಕ್ಕೆ ಆ ಹುಡುಗ ಒಂಥರಾ ನೋಡಿದ, ಆಮೇಲೆ ಕೊಟ್ಟ. ಮದುಮಗಳ ತಮ್ಮ 6:40ಕ್ಕೆ ಹೋಗಿ ತಂದನಂತೆ. ಕಲಬುರಗಿಯದು ಕೊರಿಯರ್‌ನಲ್ಲಿ ಎರಡು ದಿನ ಮುಂಚೆ ಹೋಯಿತು, ಅದಕ್ಕಾಗಿ ಎರಡು ರಾತ್ರಿ ನಿದ್ದೆಗೆಟ್ಟೆ. ಅವಸರದಲ್ಲಿ ಕೊನೆಯ ಹುಕ್ ಹಾಕಲು ಮರೆತಿದ್ದೆ. ಅವರ ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿ ಹಾಕಿಸಿದೆ.